ಮರೆವಿಗೆ ಅಣಬೆ ಮದ್ದೇ?

ಶ್ರಾವಣ ಮಾಸದ ಪ್ರವಚನಕ್ಕೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಶ್ರೀಮಠಕ್ಕೆ ಬರುವ ಭಕ್ತರು ಪ್ರಸಾದವಾದ ಮೇಲೆ ನಮ್ಮನ್ನು ಕಂಡು ಆರೋಗ್ಯದ ಸಂದೇಹಗಳನ್ನು ಕೇಳುವುದು ಬಹು ವರ್ಷಗಳ ರೂಢಿ. ಮೊದಲೆಲ್ಲ ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಮಲಬದ್ಧತೆಗಳ ಪ್ರಶ್ನೆಗಳೇ ಹೆಚ್ಚಾಗಿರುತ್ತಿದ್ದವು. ಈ ಸಲ ಹಲವರು ಒಂದೇ ಪ್ರಶ್ನೆಯನ್ನು ಕೇಳಿದರು. ಅವರಲ್ಲಿ ಇಂಡಿ ತಾಲೂಕಿನ ರೈತರೊಬ್ಬರು ಅಂಗಿಯ ಕಿಸೆಯಿಂದ ಒಂದು ಡಬ್ಬಿಯನ್ನು ತೆಗೆದು ನಮ್ಮ ಕೈಗಿಟ್ಟು, “ಡಾಕ್ಟರ್ ಸಾಹೇಬ್ರ, ನಮ್ಮ ಅವ್ವಗ ಮರವು ಭಾಳ ಆಗೇದರಿ. ಬೀಗರು ಈ ಅಣಬಿ ಗುಳಿಗಿ ಕೊಡಿಸ್ಯಾರ. ಆರು ತಿಂಗಳಾತು. ಇನ್ನೂ ಎಷ್ಟು ದಿನ ಕೊಡಬೇಕರಿ?” ಎಂದರು.

ಒಂದು ಡಬ್ಬಿಯ ಬೆಲೆ ಆ ಮನೆಯ ತಿಂಗಳ ಕಿರಾಣಿ ಖರ್ಚಿಗೆ ಸಮನಾಗಿತ್ತು. ಅಣಬೆಯ ಪುಡಿಯನ್ನು ತುಂಬಿದ ಇಂತಹ ಗುಳಿಗೆಗಳು ಮರೆವು, ಕಂಪವಾತ ಮೊದಲಾದ ರೋಗಗಳನ್ನು ತಡೆಯುತ್ತವೆ ಎಂಬ ಮಾತು ಈಗ ಮದುವೆ ಮನೆಗಳಿಂದ ಹೊಲದ ಬದುಗಳವರೆಗೆ ಹಬ್ಬಿದೆ. ಈ ಮಾತಿನಲ್ಲಿ ಸತ್ಯವೆಷ್ಟು, ಆಸೆಯೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಮರೆವೆಂಬ ವ್ಯಾಧಿ

ಶರಣರು ಅರಿವು ಮತ್ತು ಮರೆವುಗಳನ್ನು ಕುರಿತು ಬಹಳವಾಗಿ ಚಿಂತಿಸಿದ್ದಾರೆ. ಅವರು ಹೇಳಿದ ಮರೆವು ತನ್ನ ನಿಜವನ್ನು ತಾನರಿಯದ ಮರೆವು. ಇಲ್ಲಿ ನಾವು ಹೇಳುತ್ತಿರುವುದು ಮೆದುಳಿನ ನರಕೋಶಗಳು ಕ್ರಮೇಣ ಸವೆಯುವುದರಿಂದ ಬರುವ ಮರೆವು. ಇವೆರಡನ್ನೂ ಒಂದೆಂದು ಭಾವಿಸಿ, ಮರೆಯುವ ಹಿರಿಯರನ್ನು ಗದರಿಸುವುದು, ‘ಮೊದಲೇ ಹೀಗೆ, ಲಕ್ಷ್ಯವಿಲ್ಲ’ ಎಂದು ಹಳಿಯುವುದು ತಪ್ಪು. ಅವರದು ದೋಷವಲ್ಲ, ರೋಗ.

ಹೆಸರೊಂದು ತಕ್ಷಣ ನೆನಪಾಗದೆ ಅರ್ಧ ಗಳಿಗೆಯ ಮೇಲೆ ನೆನಪಾದರೆ ಅದು ವಯಸ್ಸಿನ ಮರೆವು. ನಲವತ್ತು ವರ್ಷ ನಡೆದಾಡಿದ ಹೊಲದ ದಾರಿ ತಪ್ಪುವುದು, ಕೇಳಿದ್ದನ್ನೇ ಹತ್ತು ಸಲ ಕೇಳುವುದು, ಉಂಡು ಕೈ ತೊಳೆದ ಮೇಲೆ ‘ನನಗೆ ಊಟ ಹಾಕಲಿಲ್ಲ’ ಎನ್ನುವುದು, ಲೆಕ್ಕದಲ್ಲಿ ಚತುರರಾಗಿದ್ದವರು ನೋಟುಗಳನ್ನು ಗುರುತಿಸಲಾರದಾಗುವುದು ವ್ಯಾಧಿಯ ಲಕ್ಷಣಗಳು. ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದರ ಬಹುಮುಖ್ಯ ಕಾರಣವಾದ ರೋಗವನ್ನು 1906ರಲ್ಲಿ ಜರ್ಮನಿಯ ವೈದ್ಯ ಆಲ್ಜೈಮರ್ ಅವರು ಮೊದಲು ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು ಜನ, ಅಂದರೆ ಸುಮಾರು 88 ಲಕ್ಷ ಹಿರಿಯರು, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ.

ಇದೇ ಗುಂಪಿನ ಇನ್ನೊಂದು ರೋಗ ಕಂಪವಾತ. ಇಂಗ್ಲೆಂಡಿನ ಜೇಮ್ಸ್ ಪಾರ್ಕಿನ್ಸನ್ ಅವರು 1817ರಲ್ಲಿ ಇದನ್ನು ವಿವರಿಸಿದರು. ತೆಲುಗು ನಾಡಿನ ವೀರಶೈವ ವೈದ್ಯ ಬಸವರಾಜು ಅವರ ‘ಬಸವರಾಜೀಯಂ’ ಗ್ರಂಥವೂ ಕಂಪವಾತವನ್ನು ಹೆಸರಿಸಿ, ಕೈಕಾಲುಗಳ ನಡುಕ, ನಿದ್ರಾಭಂಗ, ಬುದ್ಧಿಯ ಕ್ಷೀಣತೆಗಳನ್ನು ಅದರ ಲಕ್ಷಣಗಳಾಗಿ ಹೇಳಿದೆ.

ಅಣಬೆಯ ವಿಷಯದಲ್ಲಿ ನಮ್ಮ ಶಾಸ್ತ್ರ

ಅಣಬೆಯನ್ನು ಆಯುರ್ವೇದವು ಛತ್ರಾಕ ಎಂದು ಕರೆದು ಆಹಾರವರ್ಗದಲ್ಲಿ, ಶಾಕಗಳ ಸಾಲಿನಲ್ಲಿ ಇರಿಸಿದೆ. ಸುಶ್ರುತಾಚಾರ್ಯರು ಹುಟ್ಟುವ ಸ್ಥಾನವನ್ನನುಸರಿಸಿ ಅದರಲ್ಲಿ ಐದು ಬಗೆಗಳನ್ನು ಹೇಳಿದ್ದಾರೆ: ಹುಲ್ಲಿನಲ್ಲಿ, ಕಬ್ಬಿನ ಸಿಪ್ಪೆಯಲ್ಲಿ, ಒಣಸಗಣಿಯಲ್ಲಿ, ಬಿದಿರಿನಲ್ಲಿ ಮತ್ತು ನೆಲದಲ್ಲಿ ಹುಟ್ಟಿದವು. ಇವುಗಳಲ್ಲಿ ಹುಲ್ಲಿನಲ್ಲಿ ಹುಟ್ಟಿದ್ದು ಮಧುರವೂ ದೋಷಶಾಮಕವೂ ಆದದ್ದು. ಇಂದು ಹುಲ್ಲಿನ ಚೀಲಗಳಲ್ಲಿ ಬೆಳೆಯುವ ಅಣಬೆಯನ್ನು ಕಂಡಾಗ ಆ ಆಚಾರ್ಯರ ಸೂಕ್ಷ್ಮ ದೃಷ್ಟಿಗೆ ತಲೆಬಾಗಬೇಕೆನಿಸುತ್ತದೆ. ಚರಕಾಚಾರ್ಯರಾದರೋ ಸರ್ಪಛತ್ರವೆಂಬ ವಿಷಜಾತಿಯನ್ನು ಬಿಟ್ಟು ಉಳಿದವು ಶೀತ, ಮಧುರ, ಗುರು ಗುಣವುಳ್ಳವು, ನೆಗಡಿಯನ್ನು ಉಂಟುಮಾಡುವಂಥವು ಎಂದು ಎಚ್ಚರಿಸಿದ್ದಾರೆ.

ಬುದ್ಧಿ ಮತ್ತು ಸ್ಮೃತಿಗಳನ್ನು ಪೋಷಿಸುವ ಮೇಧ್ಯ ರಸಾಯನಗಳೆಂದು ಚರಕಾಚಾರ್ಯರು ಹೇಳಿದ ನಾಲ್ಕು ದ್ರವ್ಯಗಳಾದರೂ ಒಂದೆಲಗ, ಜ್ಯೇಷ್ಠಮಧು, ಅಮೃತಬಳ್ಳಿ ಮತ್ತು ಶಂಖಪುಷ್ಪಿ. ಅಣಬೆ ಅವುಗಳಲ್ಲಿಲ್ಲ. ಆದ್ದರಿಂದ ‘ಇದು ಆಯುರ್ವೇದದ ಪ್ರಾಚೀನ ಮೆದುಳು ಮದ್ದು’ ಎಂದು ಯಾರಾದರೂ ಡಬ್ಬಿಯನ್ನು ಮಾರಿದರೆ ಅದು ಶಾಸ್ತ್ರದ ಮಾತಲ್ಲವೆಂದು ತಿಳಿಯಿರಿ. ಶಾಸ್ತ್ರದಲ್ಲಿಲ್ಲವೆಂಬ ಮಾತ್ರಕ್ಕೆ ಅದನ್ನು ತಳ್ಳಿಹಾಕುವುದೂ ವಿವೇಕವಲ್ಲ. ಹೊಸ ದ್ರವ್ಯವನ್ನು ಪರೀಕ್ಷಿಸಿ ಸ್ವೀಕರಿಸುವುದೇ ವೈದ್ಯಧರ್ಮ.

ಸಂಶೋಧನೆಗಳು ಹೇಳುವುದೇನು?

ಇಂದಿನ ವಿಜ್ಞಾನಿಗಳು ಅಣಬೆಯತ್ತ ತಿರುಗಲು ಎರಡು ಕಾರಣಗಳಿವೆ. ಮೊದಲನೆಯದು ಅದರಲ್ಲಿರುವ ಎರ್ಗೋಥಿಯೋನಿನ್ ಎಂಬ ಅಂಶ. ಇದನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಅಣಬೆಗಳು ಅದರ ಮುಖ್ಯ ಆಕರ. ಜೀವಕೋಶಗಳನ್ನು ಸವೆತದಿಂದ ಕಾಯುವ ಗುಣ ಅದಕ್ಕಿದೆ. ಅದನ್ನು ಕೋಶದೊಳಗೆ ಒಯ್ಯುವುದಕ್ಕೆಂದೇ ನಮ್ಮ ದೇಹದಲ್ಲಿ ಒಂದು ವಾಹಕವಿರುವುದು 2005ರಲ್ಲಿ ತಿಳಿದುಬಂತು. ಸ್ಮರಣಶಕ್ತಿ ಕುಂದಲಾರಂಭಿಸಿದ ಹಿರಿಯರ ರಕ್ತದಲ್ಲಿ ಈ ಅಂಶ ಕಡಿಮೆಯಿರುವುದನ್ನು ಸಿಂಗಪುರದ ಸಂಶೋಧಕರು 2016ರಲ್ಲಿ ತೋರಿಸಿದರು. ಅದೇ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು 60 ವರ್ಷ ಮೀರಿದ 663 ಜನರನ್ನು ಅಧ್ಯಯನ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಯಿಸಿದ ಅಣಬೆಯ ಸುಮಾರು 150 ಗ್ರಾಂ ಒಂದು ಪಾಲೆಂದು ಎಣಿಸಿ, ವಾರಕ್ಕೆ ಎರಡು ಪಾಲಿಗಿಂತ ಹೆಚ್ಚು ತಿನ್ನುವವರಲ್ಲಿ ಆರಂಭದ ಹಂತದ ಬುದ್ಧಿಕುಂದುವಿಕೆ ಸುಮಾರು ಅರ್ಧದಷ್ಟು ಕಡಿಮೆಯಿರುವುದನ್ನು ಕಂಡರು.

ಎರಡನೆಯದು, ಬಿಳಿಯ ಎಳೆಗಳು ಇಳಿಬಿದ್ದು ಸಿಂಹದ ಕೇಸರದಂತೆ ಕಾಣುವ, ಆಂಗ್ಲರು ‘ಲಯನ್ಸ್ ಮೇನ್’ ಎನ್ನುವ ಅಣಬೆ. ನರಕೋಶಗಳ ಬೆಳವಣಿಗೆಗೆ ಬೇಕಾದ ಒಂದು ಪ್ರೋಟೀನು ದೇಹದಲ್ಲಿದೆ. ಅದನ್ನು ಕಂಡುಹಿಡಿದ ಇಟಲಿಯ ರೀಟಾ ಲೆವಿ ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಅಣಬೆಯ ಕೆಲವು ಅಂಶಗಳು ಆ ಪ್ರೋಟೀನಿನ ಉತ್ಪತ್ತಿಯನ್ನು ಪ್ರಚೋದಿಸುತ್ತವೆ ಎಂಬುದನ್ನು 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡರು. 2009ರಲ್ಲಿ ಅಲ್ಲಿಯೇ 50ರಿಂದ 80 ವರ್ಷದ 30 ಜನರ ಮೇಲೆ ಪರೀಕ್ಷೆ ನಡೆಯಿತು. ಇದರ ಪುಡಿಯನ್ನು ದಿನಕ್ಕೆ 3 ಗ್ರಾಂನಂತೆ 16 ವಾರ ಸೇವಿಸಿದವರ ಬುದ್ಧಿಪರೀಕ್ಷೆಯ ಅಂಕಗಳು ಸುಧಾರಿಸಿದವು. ಸೇವನೆ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಅಂಕಗಳು ಮತ್ತೆ ಇಳಿದವು.

ಗ್ಯಾನೋಡರ್ಮಾ ಎಂಬ ಇನ್ನೊಂದು ಅಣಬೆಯ ಗುಳಿಗೆಗಳೂ ನಮ್ಮ ಭಾಗದಲ್ಲಿ ಮಾರಾಟವಾಗುತ್ತಿವೆ. ಚೀನಾದಲ್ಲಿ 42 ಆಲ್ಜೈಮರ್ ರೋಗಿಗಳ ಮೇಲೆ 6 ವಾರ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಗಮನಾರ್ಹ ಪ್ರಯೋಜನ ಕಂಡುಬರಲಿಲ್ಲ.

ತಕ್ಕಡಿಯಲ್ಲಿಟ್ಟು ನೋಡಿದಾಗ

ಈ ಸಂಗತಿಗಳನ್ನು ಶಾಂತಚಿತ್ತದಿಂದ ತೂಗಬೇಕು. ಸಿಂಗಪುರದ ಅಧ್ಯಯನ ನಡೆದದ್ದು ಅಡುಗೆಮನೆಯ ಅಣಬೆಯ ಮೇಲೆ, ಗುಳಿಗೆಯ ಮೇಲಲ್ಲ. ಅಣಬೆ ತಿಂದವರಲ್ಲಿ ಮರೆವು ಕಡಿಮೆಯಿತ್ತು ಎಂಬುದು ನಿಜ. ಅಣಬೆ ತಿಂದದ್ದರಿಂದಲೇ ಕಡಿಮೆಯಾಯಿತು ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ಅಂಥವರು ತರಕಾರಿಯನ್ನೂ ಹೆಚ್ಚು ತಿನ್ನುತ್ತಿರಬಹುದು, ಹೆಚ್ಚು ನಡೆಯುತ್ತಿರಬಹುದು. ಜಪಾನಿನ ಪರೀಕ್ಷೆಯಲ್ಲಿದ್ದವರು ಮೂವತ್ತೇ ಜನ. ಅವರಿಗಿದ್ದುದು ಆರಂಭದ ಮರೆವು, ಬಲಿತ ರೋಗವಲ್ಲ.

ಒಂದು ದ್ರವ್ಯ ಮದ್ದೆನಿಸಿಕೊಳ್ಳಲು ಎಷ್ಟು ಕಾಲ ಬೇಕು ಎಂಬುದಕ್ಕೆ ನಮ್ಮ ನಸುಗುನ್ನಿಯೇ ಸಾಕ್ಷಿ. ಅದರ ಬೀಜದಲ್ಲಿ ಲೆವೊಡೋಪಾ ಎಂಬ ಅಂಶವಿರುವುದನ್ನು ಭಾರತೀಯ ವಿಜ್ಞಾನಿಗಳು 1937ರಲ್ಲಿ ಬೇರ್ಪಡಿಸಿ ತೋರಿಸಿದರು. ಅದೇ ಲೆವೊಡೋಪಾ ಕಂಪವಾತದ ಚಿಕಿತ್ಸೆಯಲ್ಲಿ ನೆಲೆಗೊಂಡದ್ದು 1960ರ ದಶಕದಲ್ಲಿ. ಇಂದಿಗೂ ಕಂಪವಾತದ ಮುಖ್ಯ ಔಷಧ ಅದೇ. ಅಣಬೆ ಇನ್ನೂ ಆ ಹಾದಿಯ ಆರಂಭದಲ್ಲಿದೆ. ಅದು ಭರವಸೆ ಹುಟ್ಟಿಸುವ ಆಹಾರ, ಸಿದ್ಧವಾದ ಔಷಧವಲ್ಲ.

ಹೊಸ ಗುಳಿಗೆ ಬಂದಾಗ ಹಳೆಯ ಗುಳಿಗೆಯನ್ನು ಬಿಡುವುದರಲ್ಲಿ ದೊಡ್ಡ ಅಪಾಯವಿದೆ. ಮುದ್ದೇಬಿಹಾಳ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರು ಅಣಬೆಯ ಗುಳಿಗೆಯನ್ನು ನಂಬಿ ಕಂಪವಾತದ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಮೈ ಕಟ್ಟಿಗೆಯಂತೆ ಸೆಟೆದು, ಗಂಜಿಯನ್ನು ನುಂಗುವುದೂ ಕಷ್ಟವಾಗಿ, ಮನೆಯಂಗಳದಲ್ಲಿ ಬಿದ್ದರು. ನರರೋಗ ತಜ್ಞರು ಮಾತ್ರೆಗಳನ್ನು ಮತ್ತೆ ಆರಂಭಿಸಿದ ಮೇಲೆ ಚೇತರಿಸಿಕೊಂಡರಾದರೂ ಮೊದಲಿನ ನಡಿಗೆ ಪೂರ್ಣವಾಗಿ ಮರಳಲಿಲ್ಲ. ಈ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸುವುದು ಪ್ರಾಣಕ್ಕೇ ಸಂಚಕಾರ. ನಸುಗುನ್ನಿಯ ಪುಡಿಯನ್ನು ತಾವಾಗಿಯೇ ಅವುಗಳ ಜೊತೆ ಸೇರಿಸುವುದೂ ಅಷ್ಟೇ ತಪ್ಪು. ಹೃದಯರೋಗಕ್ಕೆಂದು ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರು ಗ್ಯಾನೋಡರ್ಮಾವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ರಕ್ತಸ್ರಾವದ ಸಂಭವವುಂಟು.

ಮೊದಲು ಕಾರಣವನ್ನು ಹುಡುಕಿರಿ

ಇಂಡಿಯ ರೈತರ ತಾಯಿಯವರ ವಿಷಯಕ್ಕೆ ಬರೋಣ. ಅವರನ್ನು ಕರೆತರಲು ಹೇಳಿ ಪರೀಕ್ಷಿಸಿದೆವು. ಶುದ್ಧ ಸಸ್ಯಾಹಾರ. ವಯಸ್ಸಾದ ಮೇಲೆ ಹಾಲು ಮೊಸರುಗಳನ್ನೂ ಬಿಟ್ಟಿದ್ದರು. ಸಕ್ಕರೆ ಕಾಯಿಲೆಗೆ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದರು. ಪಾದಗಳಲ್ಲಿ ಜೋಮು, ನಾಲಿಗೆಯಲ್ಲಿ ಉರಿ. ರಕ್ತಪರೀಕ್ಷೆಯಲ್ಲಿ ಬಿ-12 ಜೀವಸತ್ವ ಅತ್ಯಂತ ಕಡಿಮೆಯಿತ್ತು. ಈ ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ, ಆ ಮಾತ್ರೆಯ ದೀರ್ಘ ಸೇವನೆಯೂ ಅದನ್ನು ಕುಂದಿಸುತ್ತದೆ. ನಾವು ದಿನವೂ ಉಣ್ಣುವ ರೊಟ್ಟಿ, ಬೇಳೆ, ಕಾಯಿಪಲ್ಲೆಗಳಲ್ಲಿ ಅದು ಇಲ್ಲ. ಅಣಬೆಯನ್ನು ನಂಬಿಕೊಂಡರೂ ಅದರ ಕೊರತೆ ನೀಗದು. ಸಸ್ಯಾಹಾರಿಗಳಾದ ನಮಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಆಧಾರ. ಚುಚ್ಚುಮದ್ದು ಆರಂಭಿಸಿ ಎರಡು ತಿಂಗಳ ನಂತರ ಆ ತಾಯಿ ಮಠಕ್ಕೆ ಬಂದು ನಮ್ಮನ್ನು ಗುರುತಿಸಿ, “ಪ್ರಸಾದ ಆತೇನ್ರಿ ಡಾಕ್ಟರs?” ಎಂದು ಕೇಳಿದರು. ಆರು ತಿಂಗಳು ಡಬ್ಬಿಗೆ ಸುರಿದ ಹಣಕ್ಕಿಂತ, ಆ ಆರು ತಿಂಗಳು ಕಳೆದುಹೋದದ್ದೇ ದೊಡ್ಡ ನಷ್ಟ. ಈ ಕೊರತೆಯನ್ನು ತಡವಾಗಿ ಗುರುತಿಸಿದರೆ ನರಗಳಿಗಾದ ಹಾನಿ ಶಾಶ್ವತವಾಗಿ ಉಳಿಯಬಹುದು.

ಅನ್ಯರ ತಪ್ಪನ್ನಷ್ಟೇ ಹೇಳಿದರೆ ನ್ಯಾಯವಲ್ಲ. ನಾವು ವೃತ್ತಿಯನ್ನಾರಂಭಿಸಿದ ಹೊಸದರಲ್ಲಿ ಸಿಂದಗಿಯ ಕಡೆಯಿಂದ ವೃದ್ಧೆಯೊಬ್ಬರನ್ನು ಕರೆತಂದಿದ್ದರು. ಮರೆವು, ಮಂದಗತಿ, ಸದಾ ಚಳಿ, ಮಲಬದ್ಧತೆ. ‘ವಯಸ್ಸಾದ ಮೇಲೆ ಇದು ಸಹಜ’ ಎಂದು ಸಮಾಧಾನ ಹೇಳಿ, ಬ್ರಾಹ್ಮೀಘೃತವನ್ನು ಕೊಟ್ಟು ಕಳುಹಿಸಿದೆವು. ವರ್ಷದ ಮೇಲೆ ಬೇರೊಬ್ಬ ವೈದ್ಯರು ಥೈರಾಯ್ಡ್ ಗ್ರಂಥಿ ಕುಂದಿರುವುದನ್ನು ಗುರುತಿಸಿದರು. ಮಾತ್ರೆ ಆರಂಭವಾದ ಮೇಲೆ ಅವರ ಮಾತು, ನಡಿಗೆ, ನೆನಪು ಮರಳಿದವು. ಘೃತದ ದೋಷವಲ್ಲ, ಕಾರಣವನ್ನು ಹುಡುಕದ ನಮ್ಮ ದೋಷ. ಅಂದಿನಿಂದ ‘ವಯಸ್ಸಾಯಿತು’ ಎಂಬ ಮಾತನ್ನು ನಾವು ರೋಗನಿರ್ಣಯವಾಗಿ ಬಳಸಿಲ್ಲ.

ಆದ್ದರಿಂದ ಮನೆಯ ಹಿರಿಯರಲ್ಲಿ ಮರೆವು ಕಂಡಾಗ ಮೊದಲು ಇವುಗಳನ್ನು ನೋಡಿಸಿರಿ:

1. ರಕ್ತದಲ್ಲಿ ಬಿ-12, ಥೈರಾಯ್ಡ್, ಸಕ್ಕರೆ, ಸೋಡಿಯಂ ಮತ್ತು ಹಿಮೋಗ್ಲೋಬಿನ್ ಪ್ರಮಾಣ.

2. ರಕ್ತದೊತ್ತಡ. ಹಾಗೆಯೇ ಕಿವಿ ಮತ್ತು ಕಣ್ಣುಗಳ ಪರೀಕ್ಷೆ. ಕೇಳಿಸದಿರುವುದನ್ನೇ ಮರೆವೆಂದು ತಪ್ಪು ತಿಳಿಯುವುದುಂಟು.

3. ಸೇವಿಸುತ್ತಿರುವ ಎಲ್ಲ ಮಾತ್ರೆಗಳು. ನಿದ್ರೆಯ ಗುಳಿಗೆಯಿಂದಲೂ ಬುದ್ಧಿ ಮಂಕಾಗುತ್ತದೆ.

4. ಮನೋವ್ಯಥೆ. ಸಂಗಾತಿಯನ್ನು ಕಳೆದುಕೊಂಡ ಹಿರಿಯರ ಖಿನ್ನತೆ ಮರೆವಿನ ವೇಷದಲ್ಲಿ ಬರುವುದುಂಟು.

5. ಬಚ್ಚಲಿನಲ್ಲಿಯೋ ಮಾಳಿಗೆಯ ಮೆಟ್ಟಿಲಲ್ಲಿಯೋ ಬಿದ್ದು ತಲೆಗೆ ಪೆಟ್ಟಾಗಿತ್ತೇ? ಕೆಲವು ವಾರಗಳ ನಂತರ ಮೆದುಳಿನ ಮೇಲೆ ರಕ್ತ ಸಂಗ್ರಹವಾಗಿ ಗೊಂದಲ ಉಂಟಾಗಬಹುದು. ಇದಕ್ಕೆ ಸ್ಕ್ಯಾನ್ ಬೇಕು.

ಮರೆವು, ತೊದಲು ಮಾತು, ಬಾಯಿ ವಕ್ರವಾಗುವುದು, ಒಂದು ಪಾರ್ಶ್ವ ಸೋಲುವುದು ಒಮ್ಮಿಂದೊಮ್ಮೆಲೇ ಬಂದರೆ ಅದು ಪಾರ್ಶ್ವವಾಯು. ಮನೆಮದ್ದಿಗೆ ಕಾಯದೆ ಆ ಗಳಿಗೆಯಲ್ಲಿಯೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಅಣಬೆಯನ್ನು ಉಣ್ಣುವುದಾದರೆ

ಅಣಬೆ ಸಸ್ಯಾಹಾರವೇ ಎಂದು ಹಲವು ತಾಯಂದಿರು ಕೇಳುತ್ತಾರೆ. ಅದು ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲ, ಶಿಲೀಂಧ್ರವೆಂಬ ಬೇರೆ ವರ್ಗ. ಅದನ್ನು ಉಣ್ಣುವುದರಲ್ಲಿ ಪ್ರಾಣಿಹಿಂಸೆಯಿಲ್ಲ. ಆದರೂ ಮನೆಯ ರೂಢಿ, ಮನಸ್ಸಿನ ಒಪ್ಪಿಗೆ ದೊಡ್ಡವು. ಒಪ್ಪದವರು ಬಿಡಲಿ, ಅದರಿಂದ ದೊಡ್ಡ ನಷ್ಟವೇನೂ ಇಲ್ಲ.

ಒಪ್ಪುವವರು ಸಾಕಿ ಬೆಳೆದ ಚಿಪ್ಪು ಅಣಬೆ, ಹಾಲು ಅಣಬೆ ಅಥವಾ ಗುಂಡಿ ಅಣಬೆಯನ್ನು ವಾರಕ್ಕೆ ಎರಡು ಸಲ ಪಲ್ಯ ಮಾಡಿ ಉಣ್ಣಬಹುದು. ಹಸಿಯಾಗಿ ತಿನ್ನಬಾರದು. ಗುರು ಮತ್ತು ಶೀತ ಗುಣವುಳ್ಳದ್ದಾದ್ದರಿಂದ ಶುಂಠಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಹಾಕಿ ಚೆನ್ನಾಗಿ ಬೇಯಿಸಿ, ಬಿಸಿ ಜೋಳದ ರೊಟ್ಟಿಯೊಡನೆ ಮಧ್ಯಾಹ್ನದಲ್ಲಿ ಉಂಡರೆ ಹಿತ. ಉಬ್ಬಸವುಳ್ಳವರು, ಜೀರ್ಣಶಕ್ತಿ ಕುಂದಿದವರು, ಯೂರಿಕ್ ಆಮ್ಲದ ಕೀಲುನೋವುಳ್ಳವರು ಮಿತವಾಗಿರಲಿ. ಮಳೆಗಾಲದಲ್ಲಿ ತಿಪ್ಪೆಯ ಮೇಲೆ, ಬದುವಿನಲ್ಲಿ ಏಳುವ ನಾಯಿಕೊಡೆಗಳನ್ನು ಎಂದಿಗೂ ಕಿತ್ತು ತರಬೇಡಿರಿ. ಆಚಾರ್ಯರು ಎಚ್ಚರಿಸಿದ ವಿಷಜಾತಿಗಳು ಅವುಗಳಲ್ಲಿರುತ್ತವೆ. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ, ಯಕೃತ್ತನ್ನೇ ಕೆಡಿಸುತ್ತದೆ.

ಡಬ್ಬಿಗೆ ಸುರಿಯುವ ಹಣದಲ್ಲಿ ಮನೆಯಲ್ಲಿಯೇ ಅಣಬೆ ಬೆಳೆಯಬಹುದು. ನಮ್ಮಲ್ಲಿ ಕಣಿಕೆಗೂ ಹುಲ್ಲಿಗೂ ಬರವಿಲ್ಲ. 30 ಡಿಗ್ರಿಗೂ ಮೀರಿದ ಉಷ್ಣತೆಯಲ್ಲಿ ಬೆಳೆಯಬಲ್ಲ ಹಾಲು ಅಣಬೆ ನಮ್ಮ ಬಿಸಿಲುನಾಡಿಗೆ ಒಗ್ಗುತ್ತದೆ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಯ ಸಂಶೋಧನೆ ನಡೆಯುತ್ತಿದೆ. ಬೀಜ ಮತ್ತು ತರಬೇತಿಯ ವಿಷಯವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

ನಿಜವಾದ ರಕ್ಷೆ

2024ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರ ಆಯೋಗವು ಡಿಮೆನ್ಷಿಯಾಕ್ಕೆ ಕಾರಣವಾಗುವ, ನಾವು ತಿದ್ದಿಕೊಳ್ಳಬಹುದಾದ 14 ಅಂಶಗಳನ್ನು ಹೆಸರಿಸಿತು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೊಜ್ಜು, ಧೂಮಪಾನ, ಅತಿಯಾದ ಮದ್ಯಪಾನ, ವ್ಯಾಯಾಮವಿಲ್ಲದಿರುವುದು, ಕಿವುಡು, ದೃಷ್ಟಿಮಾಂದ್ಯ, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ವಿದ್ಯೆಯ ಕೊರತೆ, ಮಲಿನ ಗಾಳಿ ಇವೇ ಅವು. ಇವೆಲ್ಲವನ್ನೂ ತಿದ್ದಿಕೊಂಡರೆ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಆಯೋಗ ಅಂದಾಜಿಸಿದೆ. ಈ ಪಟ್ಟಿಯಲ್ಲಿ ಕಾಯಕ, ವ್ಯಸನಮುಕ್ತಿ, ಅಕ್ಷರ, ಸತ್ಸಂಗಗಳ ಮಹತ್ವವೇ ಬೇರೆ ಮಾತುಗಳಲ್ಲಿ ಕಾಣುತ್ತದೆ. ಪ್ರವಚನಕ್ಕೆ ನಡೆದು ಬಂದು, ಕೇಳಿ, ನಾಲ್ವರೊಡನೆ ಮಾತಾಡಿ ಹೋಗುವ ಹಿರಿಯರು ತಮಗರಿಯದೆಯೇ ಮೆದುಳಿನ ರಕ್ಷೆಯನ್ನು ಪಡೆಯುತ್ತಿದ್ದಾರೆ. ನಮ್ಮ ಗ್ರಾಮೀಣರ ಮೆದುಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆಂಬುದನ್ನು ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ವರ್ಷ ದಾಟಿದವರನ್ನು ದೀರ್ಘಕಾಲ ಅಧ್ಯಯನ ಮಾಡುತ್ತಿದೆ. ನಮ್ಮ ಜೋಳ, ನಮ್ಮ ರಾಗಿ ಉಂಡವರ ವಿಷಯ ಮುಂದೆ ಅದರಿಂದ ಇನ್ನಷ್ಟು ತಿಳಿದೀತು.

ಕಾರಣಗಳನ್ನೆಲ್ಲ ಹುಡುಕಿದ ಮೇಲೂ ಕೆಲವರಲ್ಲಿ ರೋಗ ಆಲ್ಜೈಮರ್ ಎಂದೇ ತಿಳಿಯುತ್ತದೆ. ಅದನ್ನು ಪೂರ್ಣವಾಗಿ ಗುಣಪಡಿಸುವ ಮದ್ದು ಯಾವ ಪದ್ಧತಿಯಲ್ಲಿಯೂ ಇಂದಿಗಿಲ್ಲ. ಬಸವನ ಬಾಗೇವಾಡಿ ತಾಲೂಕಿನ ಹಿರಿಯ ಶರಣರೊಬ್ಬರು ಹಾಗಿದ್ದರು. ಮಗನ ಹೆಸರನ್ನು ಮರೆತರು, ಊರನ್ನು ಮರೆತರು, ಊಟವಾದದ್ದನ್ನು ಮರೆತರು. ಆದರೆ ಸೊಸೆಯು ದಿನವೂ ಮುಂಜಾನೆ ಅದೇ ಹೊತ್ತಿಗೆ ಮೈ ತೊಳೆಸಿ, ವಿಭೂತಿ ಹಚ್ಚಿ, “ಮಾವಾರ, ಪೂಜಿ ಹೊತ್ತಾತ್ರಿ” ಎಂದೊಡನೆ ಎಡಗೈ ತಾನಾಗಿ ಮುಂದೆ ಚಾಚುತ್ತಿತ್ತು. ಇಷ್ಟಲಿಂಗವು ಅಂಗೈಯಲ್ಲಿರುವಷ್ಟು ಹೊತ್ತು ಅವರ ಚಡಪಡಿಕೆ ನಿಲ್ಲುತ್ತಿತ್ತು. ಬಾಲ್ಯದಿಂದ ಬಂದ ಅಭ್ಯಾಸ ಎಲ್ಲಕ್ಕಿಂತ ಕೊನೆಗೆ ಅಳಿಯುತ್ತದೆ. ನಿಶ್ಚಿತ ಹೊತ್ತು, ಪರಿಚಿತ ಧ್ವನಿ, ಗದರಿಸದ ಮಾತು, ಬೀಳದಂತೆ ಹಗ್ಗವೋ ಹಿಡಿಕೆಯೋ ಇರುವ ಬಚ್ಚಲು ಅಂಥವರಿಗೆ ಮದ್ದಾಗುತ್ತವೆ. ಸೇವೆ ಮಾಡುವವರಿಗೂ ವಾರಕ್ಕೊಂದು ದಿನ ಬಿಡುವು ಬೇಕೆಂಬುದನ್ನು ಮನೆಮಂದಿ ಮರೆಯಬಾರದು. ಒಬ್ಬ ಸೊಸೆಯ ಹೆಗಲ ಮೇಲೆ ಎಲ್ಲವನ್ನೂ ಹೊರಿಸಿ ಉಳಿದವರು ಡಬ್ಬಿಯ ಗುಳಿಗೆ ಕಳುಹಿಸಿದರೆ ಅದು ಸೇವೆಯಾಗದು.

ಅಣಬೆ ತಾಟಿನಲ್ಲಿರಲಿ, ಬೇಡವೆನಿಸಿದರೆ ಇಲ್ಲದಿರಲಿ. ಹಿರಿಯರ ಮರೆವಿಗೆ ಕಾರಣವೇನೆಂದು ಕೇಳುವ ಎಚ್ಚರ ಮಾತ್ರ ಪ್ರತಿ ಮನೆಯಲ್ಲಿಯೂ ಇರಲಿ. ಅವರು ನಮ್ಮನ್ನು ಮರೆತಾಗಲೂ ನಾವು ಅವರನ್ನು ಮರೆಯದಿರೋಣ.